ಎರಡನೆಯ ಕ್ಯಾಸೆಟ್ಟು

ಬಿಸಿಲು ಕೋಣೆಯ ಛಾವಣಿಯಲ್ಲಿ ಓಡಿತು, ರಸ್ತೆಯ ಬಸ್ಸಿನ ಗಾಜಿಗೆ ಹೊಡೆದು ಬಂದದ್ದು, ಸುಳ್ಯದ ಬಸ್ಸೇ ಇರಬೇಕು, ಗೋಡೆಗಿಳಿದು ಗಿಟಾರಿನ ಹೊಟ್ಟೆಯ ಮೇಲೆ ನಿಂತು ಆರಿಹೋಯಿತು, ಭಾನುವಾರ, ದರ್ಬೆಯ ಅಂಗಡಿಗಳೆಲ್ಲ ಮುಚ್ಚಿವೆ, ನಾನು ಟೈಪಿಂಗ್ ಕಲಿಸುವ ಕೆಳಗಿನ ಕೋಣೆಯಲ್ಲಿ ಯಂತ್ರಗಳು ಮುಸುಕು ಹಾಕಿ ಕುಳಿತಿವೆ, ಟೇಪ್‌ರೆಕಾರ್ಡರಿನಲ್ಲಿ ಆ ಇಂಗ್ಲಿಷ್ ಹಾಡುಗಾರ ಹಾಡುತ್ತಿದ್ದಾನೆ, ಆ ಹರೆಯದ ದನಿ, ಗಿಟಾರಿನ ತಂತಿಯನ್ನು ಇನ್ನೇನು ಕಡಿಯಿತು ಅನ್ನುವಷ್ಟು ಎಳೆಯುತ್ತಾನೆ, ಕಡಿಯುವುದಿಲ್ಲ — ಇದಕ್ಕೆ ಬ್ಲೂಸ್ ಹೇಳುದು ಮಾರಾಯ, ಬೇಜಾರಾದವರು ಜೋರಾಗಿ ಬಾರಿಸುದು, ಎಂದಿದ್ದ ರವೂಫ್, ಎಪ್ಪತ್ತೆಂಟರಲ್ಲಿ, ನೆಲ್ಯಾಡಿಯ ನಮ್ಮ ಮನೆಯ ಹಿಂದೆ ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನಲ್ಲಿ, ನಾನು ಇಗರ್ಜಿಯ ಗಿಟಾರು ಹಿಡಿದು, ಅವನು ಆಸಿಡ್ಡಿನ ಖಾಲಿ ಕ್ಯಾನು ಮಗುಚಿ ತಾಳ ಹೊಡೆಯುತ್ತ, ಇಬ್ಬರ ಕಣ್ಣಲ್ಲೂ ಹೊಗೆಯ ನೀರು, ಹೊರಗಿನಿಂದ ನನ್ನ ಅಪ್ಪ, ಅಪ್ಪಚ್ಚನ್, ಅಲ್ಲಿ ಶೀಟು ಒಣಗುದಾ ನೀವು ಒಣಗುದಾ ಜೋಣಿ — ಮರುವರ್ಷ ರವೂಫ್ ಗಲ್ಫಿಗೆ ಹೋದ. ಮೊದಲ ರಜೆಗೆ ಬಂದಾಗ ಈ ಟೇಪ್‌ರೆಕಾರ್ಡರ್ ತಂದುಕೊಟ್ಟ, ಆಮೇಲೆ ಅವನ ಮದುವೆ, ಆಮೇಲೆ ನನಗೆ ಕಾಗದವೇ ಇಲ್ಲ, ಈ ಸಲ ರಜೆಗೆ ಬಂದ ಅವನ ಕಂಪೆನಿಯ ಬಾವ ಎಂಬವನ ಕೈಯಲ್ಲಿ ಈ ಕ್ಯಾಸೆಟ್ಟು ಬಂತು, ನಲವತ್ತು ವರ್ಷ ಹಾಡಿದವನ ಹಾಡುಗಳನ್ನೆಲ್ಲ ಆರಿಸಿ ಒಟ್ಟುಮಾಡಿದ್ದು, ರಟ್ಟಿನ ಮೇಲೆ ಎರಡು ಕ್ಯಾಸೆಟ್ಟಿನ ಹಾಡುಗಳ ಹೆಸರು, ಒಳಗೆ ಮೊದಲನೆಯದು ಮಾತ್ರ, ಎರಡನೆಯದು ಎಲ್ಲಿ ಬಾವ, ಕೊಟ್ಟದ್ದು ಅಷ್ಟೇ ಜೋಣಿಚ್ಚ. ಮೊದಲನೆಯ ಕ್ಯಾಸೆಟ್ಟಿನ ಮೊದಲ ಹಾಡೇ ಎರಡನೆಯದರ ಕೊನೆಯಲ್ಲಿ ಇನ್ನೊಮ್ಮೆ ಇದೆ, ಮುದುಕನಾದ ಮೇಲೆ ಮತ್ತೆ ಹಾಡಿದ್ದು, ಒಂದೇ ಹಾಡು, ಎರಡು ಗಂಟಲು, ನಡುವೆ ಏನಾಯಿತು, ಏನು ಉಳಿಯಿತು, ಒಂದನ್ನು ಮುಗಿಸಿ ಇನ್ನೊಂದನ್ನು ಹಾಕಿ ಕೇಳಬೇಕು, ನನಗೆ ಬೇಕಾದದ್ದು ಅಷ್ಟೇ, ಬೇರೆ ಯಾವುದಕ್ಕೂ ಇಷ್ಟು ದಿನ ಕಾದದ್ದಿಲ್ಲ — ಮೆಟ್ಟಿಲಲ್ಲಿ ಏದುಸಿರು, ಜೋಣಿ ಮೋನೆ, ಉಂಟಾ ಒಳಗೆ, ನನ್ನನ್ನೂ ಮಗ ಎಂದೇ ಕರೆಯುವ ರವೂಫನ ತಾಯಿ ಹವ್ವಮ್ಮ, ಸವಣೂರಿನಿಂದ ಈ ಬಿಸಿಲಿಗೆ, ಕುಳಿತುಕೊಳ್ಳಿ ಉಮ್ಮ, ಕೂರುದು ಇರ್ಲಿ, ಬಾವ ಸಂಜೆ ಬೊಂಬಾಯಿ ಬಸ್ಸಿಗೆ ಹೋಗುದು, ರವೂಫನಿಗೆ ನನ್ನ ಮಾತು ತುಂಬಿಸಿ ಕೊಡು, ನಮ್ಮ ಮನೆಯ ಟೇಪಿನಲ್ಲಿ ಈಗ ಕೇಳುದು ಮಾತ್ರ ಆಗುದು, ಸೆರಗಿನಿಂದ ಬಿಚ್ಚಿದ ಕ್ಯಾಸೆಟ್ಟು, ಮೇಲೆ ಎರಡು ಎಂಬ ಅಂಕಿ, ಅದೇ ಹಾಡುಗಾರನ ಹೆಸರು. ಗಲ್ಫಿನಿಂದ ಬರುವ ಕ್ಯಾಸೆಟ್ಟೆಂದರೆ ಅವರಿಗೆಲ್ಲ ಕಾಗದ, ಮಗನ ದನಿ ಅದರಲ್ಲೇ ಬರುವುದು, ಮನೆಗೊಂದು ಗೆಳೆಯನಿಗೊಂದು ಎಂದು ಬಾವ ಹಂಚಿಬಿಟ್ಟಿದ್ದಾನೆ. ಅದರಲ್ಲಿ ಎಂತ ಉಂಟು ಗೊತ್ತುಂಟಾ, ಯಾರೋ ಮುದುಕ ಅಳುದು, ಸೊಸೆ ನೆಬೀಸ ಒಂದು ಹೊತ್ತು ಅನ್ನ ಮುಟ್ಟಲಿಲ್ಲ, ಗಂಡನ ರೂಮಿನಲ್ಲಿ ಯಾರೋ ಸಾಯ್ತಾ ಇದ್ದಾರೆ ಅಂತ, ಅದನ್ನು ಅಳಿಸಿ ನನ್ನದು ಹಾಕು, ನನ್ನದು ಕೇಳಿದರೆ ಅವ ನಗ್ತಾನೆ. ಬೇರೆ ಖಾಲಿ ಕ್ಯಾಸೆಟ್ಟು ಇಲ್ಲ ಉಮ್ಮ, ಖಾಲಿ ಎಂತಕ್ಕೆ, ಇದು ಉಂಟಲ್ಲ.

ಇದು ನನ್ನದು ಎನ್ನಬಹುದು, ಹೇಳಿ ಅವರನ್ನು ಹಾಗೇ ಕಳಿಸಬಹುದು, ಬಾವ ಬರಿಗೈಲಿ ಹೋಗುತ್ತಾನೆ, ಮತ್ತೆ ಬರುವುದು ಎರಡು ವರ್ಷಕ್ಕೆ — ಉಮ್ಮನಿಗೆ ಬೆನ್ನು ಹಾಕಿ ಎರಡನೆಯದನ್ನು ದಿಂಬಿನ ಕೆಳಗೆ ಸರಿಸಿದೆ, ಕೇಳಿ ಕೇಳಿ ಬಾಯಿಪಾಠವಾದ ಹರೆಯದವನನ್ನು ಟೇಪಿನಿಂದ ಹೊರತೆಗೆದೆ, ಹಾಡಿನ ಕ್ಯಾಸೆಟ್ಟಿನ ಬೆನ್ನಲ್ಲಿ ಎರಡು ಹಳ್ಳ ಇರುತ್ತವೆ, ಅಳಿಸಿಹೋಗದಿರಲೆಂದು, ಬಸ್ ಟಿಕೆಟನ್ನು ಮಡಚಿ ತುರುಕಿದರೆ ಅಳಿಸಬಹುದು, ತುರುಕಿದೆ, ಮತ್ತೆ ಒಳಗೆ ಹಾಕಿ ಆರಂಭಕ್ಕೆ ಸುತ್ತಿದೆ, ಎರಡು ಗುಂಡಿ ಒಟ್ಟಿಗೆ ಒತ್ತಿದೆ, ದನಿಯ ಏರಿಳಿತ ತೋರಿಸುವ ಮೀಟರಿನ ಮುಳ್ಳು ನಡುಗಿತು, ಮೈಕನ್ನು ಅವರ ಮುಂದಿಟ್ಟೆ, ಮಾತಾಡಿ ಉಮ್ಮ. ರವೂಫೇ, ಮುಳ್ಳು ಎದ್ದು ನಿಂತಿತು, ಬ್ಯಾರಿ ಭಾಷೆಯಲ್ಲಿ ಹೇಳುತ್ತಿದ್ದಾರೆ, ನನಗೆ ಎಲ್ಲವೂ ತಿಳಿಯುತ್ತದೆ, ಮಗುವಿಗೆ ಹಲ್ಲು ಬಂತು, ನನ್ನ ಬೆರಳು ಕಚ್ಚಿತು, ನಿನ್ನ ಹಾಗೆಯೇ ಕಳ್ಳ, ದನದ ಹಟ್ಟಿಗೆ ಹೊಸ ಹೆಂಚಿನ ಮಾಡು ಹಾಕಿಸಿದೆವು, ಮುಳ್ಳು ಏಳುತ್ತದೆ ಬೀಳುತ್ತದೆ, ಅದರ ಕೆಳಗೆ ಆ ಹಾಡು ಸದ್ದಿಲ್ಲದೆ ಹೋಗುತ್ತಿದೆ, ಈಗ ತಂತಿ ಎಳೆಯುವ ಜಾಗ, ಅಲ್ಲಿ ಈಗ ಹಟ್ಟಿ, ಇನ್ನು ಮುದುಕನ ದನಿಯನ್ನು ಯಾವುದರ ಪಕ್ಕ ಇಟ್ಟು ಕೇಳಲಿ, ನೆನಪಿನ ಪಕ್ಕವೇ, ನೆನಪಿಗೂ ವಯಸ್ಸಾಗುತ್ತದಲ್ಲ — ಜೋಣಿಯ ರೂಮಿನಿಂದ ಮಾತಾಡುದು ಮೋನೆ, ಅವನಿಗೆ ಮದುವೆ ಆಗಲಿಲ್ಲ, ಬೇಯಿಸಿದ ಪಾತ್ರೆಯಲ್ಲೇ ಉಣ್ಣುದು ಅಂತ ಕಾಣ್ತದೆ, ಮೂಲೆಯಲ್ಲಿ ಒಂದೇ ಪಾತ್ರೆ ಉಂಟು, ಗಿಟಾರು ಗೋಡೆಯಲ್ಲಿ ತೂಗ್ತಾ ಉಂಟು, ಅದಕ್ಕೆ ತಂತಿ ಇಲ್ಲ, ನಿನಗೆ ಇಂಥವನನ್ನು ಬಿಟ್ಟು ಹೋಗ್ಲಿಕ್ಕೆ ಮನಸ್ಸು ಹೇಗೆ ಬಂತು — ಮುಳ್ಳು ತುದಿಗೆ ಹೋಗಿ ಬಡಿಯಿತು, ನಾನು ಪಾತ್ರೆಯ ಕಡೆ ನೋಡಲಿಲ್ಲ. ಸಾಕು, ನನ್ನದು ಮುಗಿಯಿತು, ಇನ್ನು ನೀನು ಹೇಳು, ಮೈಕನ್ನು ನನ್ನ ಕಡೆ ತಿರುಗಿಸಿದರು, ನಿಲ್ಲಿಸಿದರೆ ಇಲ್ಲಿಂದ ಹಾಡಿನ ಉಳಿದ ತುಂಡು ಬರುತ್ತದೆ, ಉಮ್ಮನ ಮಾತು ಕಡಿದಲ್ಲಿ, ನಡುವಿನಿಂದ, ರವೂಫ್ ಗುರುತು ಹಿಡಿಯುತ್ತಾನೆ, ನಾನು ಯಾವುದನ್ನು ಅಳಿಸಿದೆ ಎಂದು ಗೊತ್ತಾಗುತ್ತದೆ, ಅದಕ್ಕೆ ಮೊದಲು ಏನಾದರೂ ಹೇಳಬೇಕು, ಚೆನ್ನಾಗಿದ್ದೇನೆ ಎನ್ನಲೇ, ಬಾ ಎನ್ನಲೇ, ಹೇಳು ಮೋನೆ, ನಾಚಿಕೆ ಎಂತಕ್ಕೆ, ಬಾಯಿ ತೆರೆದಿದ್ದೇನೆ, ಟೇಪು ಸುತ್ತುತ್ತಿದೆ, ರಸ್ತೆಯಲ್ಲಿ ಬಸ್ಸಿನ ಹಾರ್ನು, ಮುಳ್ಳು ಎದ್ದಿತು, ಅದು ನಾನಲ್ಲ, ಬಿದ್ದಿತು, ಮುಳ್ಳು, ಸೊನ್ನೆಯ ಮೇಲೆ ಮುಳ್ಳು, ಉಮ್ಮ ಕಾಯುತ್ತಿದ್ದಾರೆ, ಮುಳ್ಳು