ಓದುಕೋಣೆಯ ಕಸ

ಮೇಸ್ತ್ರಮ್ಮನಿಗೆ ತಡೆದುಕೊಳ್ಳಲಾಗದ ಮಾತು ಒಂದೇ ಒಂದು. "ಇಲ್ಲಿ ಗುಡಿಸೇ ಇಲ್ವಾ?" ಎನ್ನುವುದು. ಉಳಿದಂತೆ ಅವಳನ್ನು ಯಾರು ಏನು ಬೇಕಾದರೂ ಅನ್ನಲಿ, ಗಯ್ಯಾಳಿ ಅನ್ನಲಿ, ಬಾಯಿಬಡುಕಿ ಅನ್ನಲಿ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡುತ್ತಾಳೆ. ಆ ಮಾತೊಂದು ಕಿವಿಗೆ ಬಿತ್ತೋ, ಊಟ ಗಂಟಲಲ್ಲಿ ಇಳಿಯುವುದಿಲ್ಲ.

ಕಾರಣವೂ ಇತ್ತೆನ್ನಿ. ಅವಳ ತಾಯಿ ಬೀದಿ ಗುಡಿಸಿದವಳು, ಅಜ್ಜಿಯೂ ಗುಡಿಸಿದವಳು. ಅವರಿದ್ದ ಕಾಲೋನಿಯಲ್ಲಿ ಹುಟ್ಟಿದವರಿಗೆ ಪೊರಕೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಉಳಿದ ಊರು ಬೇರೆ ದಾರಿ ಬಿಟ್ಟುಕೊಟ್ಟಿರಲಿಲ್ಲ ಅನ್ನುವುದೇ ಸರಿ. ಈಗ ಇವಳು ಒಂದು ತಂಡದ ಹೆಂಗಸರಿಗೆ ಮೇಸ್ತ್ರಿ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ ಒಂದು ಪಾಠ ಹೇಳಿಕೊಡುತ್ತಾಳೆ. ಕೋಣೆಯ ಕೊನೆಯ ಮೂಲೆಯಿಂದ ಶುರುಮಾಡು, ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಬಾಗಿಲಿಗೆ ಬಾ. ನಿನ್ನ ಹೆಜ್ಜೆಯನ್ನೂ ನೀನೇ ಗುಡಿಸಿಕೊಂಡು ಬಾ. "ನೀನು ಬಂದು ಹೋದದ್ದು ಯಾರಿಗೂ ಗೊತ್ತಾಗಬಾರದು. ಗೊತ್ತಾಯ್ತು ಅಂದ್ರೆ ಎಲ್ಲೋ ಏನೋ ತಪ್ಪು ಮಾಡಿದೀಯ ಅಂತ್ಲೇ ಅರ್ಥ."

ಇಂಥ ಹೆಂಗಸಿನ ಕೈಗೆ ಸರ್ಕಾರ ಒಂದು ಬೀಗದ ಕೈ ಕೊಟ್ಟಿತು.

ತಲೆಮಾರುಗಳಿಂದ ಶಾಲೆಯ ಹೊಸಿಲು ದಾಟದ ಜನರ ಮಕ್ಕಳು ಓದಲಿ ಎಂದು ಕಲ್ಯಾಣ ಇಲಾಖೆಯವರು ಅಂಥ ಕಾಲೋನಿಗಳಲ್ಲೆಲ್ಲ ಒಂದೊಂದು ಓದುಕೋಣೆ ಕಟ್ಟಿಸಿದರು. ಬೆಂಚು, ಡೆಸ್ಕು, ಗೋಡೆಗೆ ಕಪ್ಪು ಹಲಗೆ, ಕಣ್ಣಿಗೆ ನೋವಾಗದಂಥ ದೀಪ, ಎರಡು ಕಪಾಟು ತುಂಬ ಪುಸ್ತಕ. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿ ಕೂತು ಓದಬೇಕು. ಉದ್ಘಾಟನೆಯ ದಿನ ಭಾಷಣ ಮುಗಿಸಿ ಇಳಿದ ದೊಡ್ಡವರೊಬ್ಬರು ಪಕ್ಕದವರ ಕಿವಿಯಲ್ಲಿ, "ನೋಡ್ತಿರಿ, ಇವರ ಕೈಗೆ ಕೊಟ್ರೆ ವರ್ಷದೊಳಗೆ ಕೊಟ್ಟಿಗೆ ಮಾಡ್ತಾರೆ" ಎಂದರು. ಕಿವಿಯಲ್ಲಿ ಹೇಳಿದ್ದು ಹೌದು, ಆದರೆ ಕುರ್ಚಿ ಎತ್ತಿಡುತ್ತಿದ್ದ ಮೇಸ್ತ್ರಮ್ಮ ಅಷ್ಟು ದೂರದಲ್ಲೇನೂ ಇರಲಿಲ್ಲ. ಅವಳ ಮೈ ಉರಿದುಹೋಯಿತು. ಕೊಟ್ಟಿಗೆಯಂತೆ. ಇವರ ಮನೆಯ ಅಂಗಳವನ್ನು ಇಷ್ಟು ವರ್ಷ ಕನ್ನಡಿ ಮಾಡಿಟ್ಟವರು ಯಾರು?

ಅಂದೇ ಪಟ್ಟು ಹಿಡಿದಳು. ಆ ಕೋಣೆಯ ಮೇಲೆ ಯಾರೂ ಬೆರಳು ಮಾಡಿ ತೋರಿಸಬಾರದು. ಬೆಳಗಿನ ಪಾಳಿ ಮುಗಿಸಿ ಬಂದ ಹೆಂಗಸರು ಸರದಿಯ ಮೇಲೆ ಕೋಣೆ ಗುಡಿಸಿ, ಒರೆಸಿ, ಹಲಗೆ ತೊಳೆದು, ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿಡುತ್ತಿದ್ದರು. ಯಾವ ಹುಡುಗನಾದರೂ ಡೆಸ್ಕಿನ ಮೇಲೆ ಗೀಚಿದರೆ ಮಾರನೆಯ ದಿನ ಆ ಗೀಚು ಅಲ್ಲಿರುತ್ತಿರಲಿಲ್ಲ, ಹುಡುಗನ ಕಿವಿ ಮಾತ್ರ ಕೆಂಪಗಿರುತ್ತಿತ್ತು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದರು. ಮೇಸ್ತ್ರಮ್ಮ ಒಮ್ಮೆಯೂ ಆ ಬೆಂಚಿನ ಮೇಲೆ ಕೂತವಳಲ್ಲ.

ಅವಳ ಮಗಳು ಮಾತ್ರ ಅಲ್ಲಿಂದ ಏಳುತ್ತಲೇ ಇರಲಿಲ್ಲ. ಸರ್ಕಾರಿ ವಸತಿ ಕಾಲೇಜಿಗೆ ಸೇರಲು ಒಂದು ಪ್ರವೇಶ ಪರೀಕ್ಷೆ ಇತ್ತು. ಪಾಸಾದರೆ ಓದು, ಊಟ, ಹಾಸಿಗೆ ಎಲ್ಲ ಸರ್ಕಾರದ್ದು. ಫೇಲಾದರೆ ಮೇಸ್ತ್ರಮ್ಮನ ತಂಡದಲ್ಲಿ ಜಾಗ ಕಾದಿತ್ತು. ಮನೆ ಎಂದರೆ ಒಂದೇ ಕೋಣೆ. ಅದರಲ್ಲಿ ಕೆಮ್ಮುವ ಅಜ್ಜ, ಗೋಡೆಯಾಚೆಯಿಂದ ಕೂಗುವ ಪಕ್ಕದ ಮನೆಯ ಟಿವಿ, ಇವೆರಡನ್ನೂ ಮೀರಿಸುವ ಹಾಗೆ ಮಾತಾಡುವ ಸೋದರಮಾವ. ಕಸದ ಲಾರಿ ಓಡಿಸುವ ಆ ಮಾವನಿಗೆ ಇಡೀ ಕಾಲೋನಿ ರೇಡಿಯೋ ಎಂದೇ ಹೆಸರಿಟ್ಟಿತ್ತು, ಅದೂ ಗುಂಡಿ ಕಿತ್ತುಹೋದ ರೇಡಿಯೋ. ಅಲ್ಲಿ ಕೂತು ಗಣಿತ ಮಾಡುವುದು ಯಾರಿಂದ ಆದೀತು?

ಪರೀಕ್ಷೆ ತಿಂಗಳೊಪ್ಪತ್ತಿನಲ್ಲಿ ಇರುವಾಗ ಒಂದು ಮಧ್ಯಾಹ್ನ ಇಲಾಖೆಯ ತಪಾಸಣೆ ಸಾಹೇಬರು ಹೇಳದೆ ಕೇಳದೆ ಬಂದರು. ತೆಳ್ಳಗಿನ ಮನುಷ್ಯ, ಬಿಸಿಲಿಗೆ ಬಾಡಿದ ಮುಖ. ಮೇಸ್ತ್ರಮ್ಮ ಆಗಷ್ಟೇ ನೆಲ ಒರೆಸಿ ಹಿಂದಕ್ಕೆ ನಡೆಯುತ್ತ ಬಾಗಿಲ ಬಳಿ ಬಂದಿದ್ದಳು. ಸಾಹೇಬರು ಒಳಗೆ ಹೋಗಿ ಸುತ್ತ ನೋಡಿದರು. ಡೆಸ್ಕಿನ ಮೇಲೆ ಬೆರಳು ಎಳೆದು, ಆ ಬೆರಳನ್ನು ಕಣ್ಣ ಹತ್ತಿರ ಹಿಡಿದರು. ಒಂದು ಕಣ ಧೂಳಿಲ್ಲ. ಮೇಸ್ತ್ರಮ್ಮನ ಎದೆ ಉಬ್ಬಿತು. ಈಗ ಹೇಳ್ತಾರೆ ನೋಡು, ಭೇಷ್ ಅಂತ ಹೇಳ್ತಾರೆ ಎಂದು ಕಾದಳು.

"ಇಲ್ಲಿಗೆ ಯಾರೂ ಬರಲ್ಲ ಅಲ್ವಾ?" ಎಂದರು ಸಾಹೇಬರು.

ಮೇಸ್ತ್ರಮ್ಮನಿಗೆ ಏನೂ ಅರ್ಥವಾಗಲಿಲ್ಲ. "ಬರ್ತಾರೆ ಸಾರ್. ದಿನಾ ಸಂಜೆ ಬರ್ತಾರೆ. ಕಾಲಿಡೋಕೆ ಜಾಗ ಇರಲ್ಲ."

"ಮಕ್ಕಳು ಬರೋ ಜಾಗ ಹೀಗಿರತ್ತೇನಮ್ಮ? ಹಲಗೆ ಮೇಲೆ ಒಂದು ಗೀಟಿಲ್ಲ. ಪುಸ್ತಕ ಅಂಗಡಿಯಲ್ಲಿ ಇಟ್ಟ ಹಾಗಿದೆ. ಪೆನ್ಸಿಲ್ ಹೆರೆದ ಚೂರೂ ಇಲ್ಲ. ನನ್ನ ಮನೇಲಿ ಎರಡೇ ಮಕ್ಕಳು, ಸೋಫಾ ಯಾವ ಬಣ್ಣದ್ದು ಅನ್ನೋದೇ ಮರೆತುಹೋಗಿದೆ."

"ನಾವು ಗುಡಿಸ್ತೀವಿ ಸಾರ್. ಹಾಜರಿ ಪುಸ್ತಕ ಇದೆ, ತೋರಿಸ್ಲಾ?"

"ಹಾಜರಿ ಯಾರು ಬೇಕಾದ್ರೂ ಬರೀಬಹುದು. ನಾನು ಎಷ್ಟು ಕಡೆ ನೋಡಿಲ್ಲ? ಒಳಗೆ ಮೂಟೆ ಇಟ್ಕೊಂಡಿರ್ತಾರೆ, ನಾವು ಬರ್ತೀವಿ ಅಂತ ಸುಳಿವು ಸಿಕ್ಕಿದ ಕೂಡಲೇ ಎತ್ತಿಹಾಕಿ ತೊಳೆದಿಡ್ತಾರೆ. ತಪ್ಪು ನಿನ್ನದಲ್ಲ ಬಿಡು. ಬೆಂಚು, ಪುಸ್ತಕ ಕೇಳ್ತಿರೋ ಕಾಲೋನಿ ಬೇರೆ ಇವೆ, ಅಲ್ಲಿಗೆ ಕಳಿಸ್ತೀವಿ. ಈ ಕೋಣೆ ಉಗ್ರಾಣಕ್ಕಾಗತ್ತೆ."

ಅವರ ಮಾತಿನಲ್ಲಿ ಕೋಪವಿರಲಿಲ್ಲ. ಅದೇ ಹೆಚ್ಚು ಉರಿಸಿತು. ಅವರು ಹೋದ ಮೇಲೆ ಮೇಸ್ತ್ರಮ್ಮ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಕೊಳಕು ಮಾಡುತ್ತೀರಿ ಎಂದು ಒಬ್ಬರು ಅಂದಿದ್ದರು. ಈಗ ಕೊಳಕಿಲ್ಲ ಎಂದು ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದಾರೆ. ಹಾಗಾದರೆ ನಮ್ಮಂಥವರು ಎಲ್ಲಿಗೆ ಹೋಗಿ ಬೀಳಬೇಕು?

ಸಂಜೆ ವಿಷಯ ಕೇಳಿ ಮಗಳು ಅಳಲಿಲ್ಲ. ತೊಡೆಯ ಮೇಲಿನ ಪುಸ್ತಕವನ್ನು ಮುಚ್ಚಿ, "ಅಮ್ಮ, ನೀನು ನಮ್ಮನ್ನೆಲ್ಲ ಗುಡಿಸಿಹಾಕಿಬಿಟ್ಟೆ" ಎಂದಳು, ಅಷ್ಟೇ. ಚೂರಿ ಹಾಕಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮಾರನೆಯ ದಿನ ಪಾಳಿ ಮುಗಿದದ್ದೇ ತಡ, ಮೇಸ್ತ್ರಮ್ಮ ಕಿತ್ತಳೆ ಬಣ್ಣದ ಕೆಲಸದ ಕೋಟಿನಲ್ಲೇ ಇಲಾಖೆಯ ಕಚೇರಿಗೆ ಹೋದಳು. ಸಂಜೆ ಒಂದು ಸಲ ಬಂದು ನೋಡಿ ಎಂದಳು. ಸಂಜೆ ತಮಗೂ ಹೆಂಡತಿ ಮಕ್ಕಳಿದ್ದಾರೆ ಎಂದರು ಸಾಹೇಬರು. ಹಾಗಾದರೆ ಹಗಲೇ ಬನ್ನಿ, ಇನ್ನೊಂದೇ ಸಲ ಬನ್ನಿ ಎಂದಳು. ನೋಡೋಣ ಎಂದರು. ನೋಡೋಣ ಅಂದರೆ ಏನು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಎದ್ದು ಹೋಗು ಎನ್ನುವುದರ ಮರ್ಯಾದಸ್ಥ ರೂಪ. ಅವಳು ಹೋಗಲಿಲ್ಲ. ಕೂರು ಎಂದರೂ ಕೂರಲಿಲ್ಲ. ಮೇಜಿನ ಎದುರು ಹಾಗೇ ನಿಂತಳು. ಬರುವವರು ಹೋಗುವವರು ಅವಳನ್ನು ಸುತ್ತು ಹಾಕಿಕೊಂಡು ಓಡಾಡಿದರು. ಕೊನೆಗೆ ಸಾಹೇಬರು ಪೆನ್ನು ಕೆಳಗಿಟ್ಟರು.

"ತಿಂಗಳ ಕೊನೆಯೊಳಗೆ ಒಂದಿನ ಬರ್ತೀನಿ. ಯಾವತ್ತು ಅಂತ ಹೇಳಲ್ಲ."

"ಹೇಳೋದೇ ಬೇಡ ಸಾರ್" ಎಂದು ಮೇಸ್ತ್ರಮ್ಮ ತಿರುಗಿ ನಡೆದಳು.

ಕಾಲೋನಿಯ ನಲ್ಲಿಯ ಹತ್ತಿರ ಸಭೆ ಸೇರಿತು. ರೇಡಿಯೋ ಎಲ್ಲರಿಗಿಂತ ಮೊದಲು ಶುರುವಾದ. "ಇದೇನು ಮಹಾ ಕಷ್ಟ ಅಕ್ಕ? ಕಸ ತಾನೇ ಬೇಕು? ನನ್ನ ಲಾರಿ ತುಂಬ ಇದೆ. ಯಾವ ಶಾಲೇದು ಬೇಕು ಹೇಳು, ದೊಡ್ಡ ದೊಡ್ಡ ಶಾಲೆಗಳ ಕಸ ತಂದು ಸುರೀತೀನಿ. ಹರಿದ ಹಾಳೆ, ಪೆನ್ಸಿಲ್ ಚೂರು, ಎಲ್ಲ ಒಂದನೇ ದರ್ಜೆ ಮಾಲು."

ಹೆಂಗಸರು ನಕ್ಕರು. ಮೇಸ್ತ್ರಮ್ಮ ನಗಲಿಲ್ಲ. "ಬೇರೆಯವರ ಕಸ ಎತ್ತಿದ್ದು ಸಾಕು. ಅದನ್ನ ತಂದು ನಮ್ಮದು ಅಂತ ತೋರಿಸೋ ಗತಿ ಬಂದಿಲ್ಲ. ನಮ್ಮ ಮಕ್ಕಳು ಓದ್ತಾರೋ ಇಲ್ವೋ?"

"ಓದ್ತಾರೆ."

"ಹಂಗಾದ್ರೆ ಅವರದೇ ಕಸ ಬೀಳತ್ತೆ. ಇವತ್ತಿಂದ ಆ ಕೋಣೆಗೆ ಪೊರಕೆ ಹೋಗಕೂಡದು. ತಲೆ ಮೇಲೆ ತಲೆ ಬಿದ್ರೂ ಯಾರೂ ಗುಡಿಸಬಾರದು. ಚಪ್ಪಲಿ ಹಾಕ್ಕೊಂಡೇ ಒಳಗೆ ಹೋಗ್ಲಿ."

ಹೇಳುವುದೇನೋ ಸುಲಭ. ಮೊದಲ ದಿನ ಪರವಾಗಿಲ್ಲ ಎನಿಸಿತು. ಆಮೇಲೆ ಶುರುವಾಯಿತು ನೋಡಿ ಪಡಿಪಾಟಲು. ಮಕ್ಕಳಿಗೇನು, ಸ್ವರ್ಗ ಸಿಕ್ಕ ಹಾಗಾಯಿತು. ಸೀಮೆಸುಣ್ಣದ ಪುಡಿ ನೆಲಕ್ಕೆ ಬಿತ್ತು, ಪೆನ್ಸಿಲ್ ಹೆರೆದ ಸುರುಳಿಗಳು ಬೆಂಚಿನ ಕೆಳಗೆ ಸೇರಿದವು, ಭೂಪಟದ ಮೇಲೆ ಯಾರದೋ ಹೆಬ್ಬೆರಳಿನ ಗುರುತು ಮೂಡಿತು. ಹೆಂಗಸರು ದಿನಾ ಬಾಗಿಲವರೆಗೆ ಬಂದು, ಇಣುಕಿ ನೋಡಿ, ಕೈ ಹಿಸುಕಿಕೊಂಡು ವಾಪಸು ಹೋಗುತ್ತಿದ್ದರು. "ನನ್ನಿಂದ ಅದನ್ನ ನೋಡೋಕಾಗಲ್ಲ ಅಕ್ಕ" ಎಂದು ಮೇಸ್ತ್ರಮ್ಮನ ವಾರಗಿತ್ತಿ ಕಣ್ಣೀರು ಹಾಕುವುದೊಂದು ಬಾಕಿ. ಒಂದು ಬೆಳಿಗ್ಗೆ ಈ ವಾರಗಿತ್ತಿ ಕೋಟಿನೊಳಗೆ ಗಿಡ್ಡ ಪೊರಕೆ ಬಚ್ಚಿಟ್ಟುಕೊಂಡು ಕಿಟಕಿಯಿಂದ ಒಳಗೆ ಇಳಿಯುತ್ತಿದ್ದಾಗ ಮೇಸ್ತ್ರಮ್ಮನ ಕೈಗೇ ಸಿಕ್ಕಿಬಿದ್ದಳು.

"ಒಂದು ಮೂಲೆ ಅಕ್ಕ. ಒಂದೇ ಒಂದು ಮೂಲೆ."

"ಇಳಿ ಕೆಳಗೆ."

"ನಿನಗೆ ಏನೂ ಅನ್ಸಲ್ವಾ?"

ಅನ್ನಿಸುವುದಿಲ್ಲವೇ? ಮೇಸ್ತ್ರಮ್ಮ ಮಲಗಿದರೆ ಕಣ್ಣ ಮುಂದೆ ಆ ಸುಣ್ಣದ ಪುಡಿಯೇ ಬರುತ್ತಿತ್ತು. ಕೈ ತನ್ನಷ್ಟಕ್ಕೇ ಗುಡಿಸುವ ಹಾಗೆ ಆಡುತ್ತಿತ್ತು. ಆದರೂ ಅವಳು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಮಗಳು ಅತ್ತ ಒಂದು ಬೆಂಚಿನ ಮೂಲೆ ಹಿಡಿದು ಲೆಕ್ಕದ ಮೇಲೆ ಲೆಕ್ಕ ಮಾಡುತ್ತಿದ್ದಳು. ತಾಯಿಗೆ ಕಸ ತಡೆದುಕೊಳ್ಳುವ ಹಟ, ಮಗಳಿಗೆ ಗಣಿತ ಬಿಡದ ಹಟ. ಯಾರದು ದೊಡ್ಡದು ಎಂದು ಹೇಳುವುದು ಕಷ್ಟವಿತ್ತು.

ತಿಂಗಳ ಕೊನೆ ಹತ್ತಿರ ಬಂದರೂ ಸಾಹೇಬರ ಸುಳಿವಿಲ್ಲ. ಮರೆತೇಬಿಟ್ಟರು ಎಂದು ಎಲ್ಲರೂ ಅಂದುಕೊಳ್ಳುವಷ್ಟರಲ್ಲಿ ಒಂದು ಮಧ್ಯಾಹ್ನ ಬಂದರು. ಆ ದಿನ ಜೊತೆಯಲ್ಲಿ ಕಚೇರಿಯ ಗುಮಾಸ್ತನೂ ಇದ್ದ, ಬೆಂಚು ಎಣಿಸಿಕೊಂಡು ಹೋಗಲು. ಅವನನ್ನು ಕಂಡು ಮೇಸ್ತ್ರಮ್ಮ ಎಲ್ಲ ಮುಗಿಯಿತು ಅಂದುಕೊಂಡಳು. ಆದರೂ ಬೀಗ ತೆಗೆದು ಬಾಗಿಲನ್ನು ಪೂರ್ತಿ ತಳ್ಳಿದಳು. ಹಿಂದೆ ಕಾಲೋನಿಯ ಹೆಂಗಸರೆಲ್ಲ ಕತ್ತು ಚಾಚಿ ನಿಂತಿದ್ದರು.

ಸಾಹೇಬರು ಒಳಗೆ ಕಾಲಿಟ್ಟ ಕೂಡಲೇ ಬೂಟಿನಡಿ ಏನೋ ಕರಕ್ಕೆಂದಿತು. ಸೀಮೆಸುಣ್ಣದ ತುಂಡು. ಅವರು ಬಗ್ಗಿ ನೋಡಿದರು. ನೆಲದ ತುಂಬ ಚಿಕ್ಕ ದೊಡ್ಡ ಚಪ್ಪಲಿಗಳ ಹೆಜ್ಜೆ. ಬೆಂಚಿನ ಕೆಳಗೆ ಪೆನ್ಸಿಲ್ ಚೂರು, ತಲೆಯ ಕ್ಲಿಪ್ಪು, ತಪ್ಪಾಗಿದ್ದಕ್ಕೆ ಮುದುಡಿ ಎಸೆದ ಹಾಳೆ. ಕಪಾಟಿನಲ್ಲಿ ಪುಸ್ತಕಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದಕ್ಕೆ ರಟ್ಟು ಕಿತ್ತುಹೋಗಿ ದಾರದಿಂದ ಹೊಲಿದಿತ್ತು. ಹಲಗೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಮಗಳು ನಿನ್ನೆ ಸಂಜೆ ಅರ್ಧಕ್ಕೆ ಬಿಟ್ಟುಹೋದ ಲೆಕ್ಕ. ಸಾಹೇಬರು ಡೆಸ್ಕಿನ ಮೇಲೆ ಬೆರಳು ಎಳೆದರು. ಬೆರಳು ಪೆನ್ಸಿಲ್ ಮಸಿಯಿಂದ ಕಪ್ಪಗಾಯಿತು.

ಅವರು ಆ ಬೆರಳು ನೋಡಿಕೊಂಡರು, ನೆಲ ನೋಡಿದರು, ಮುಖ ಸಿಂಡರಿಸಿದರು. ಅಭ್ಯಾಸಬಲ ಅನ್ನುತ್ತಾರಲ್ಲ, ಮಾತು ತಾನಾಗಿ ಹೊರಬಿತ್ತು.

"ಏನಮ್ಮ ಇದು? ಇಲ್ಲಿ ಗುಡಿಸೇ ಇಲ್ವಾ?"

ಹಿಂದೆ ನಿಂತಿದ್ದ ವಾರಗಿತ್ತಿ ಬಾಯಿ ಮುಚ್ಚಿಕೊಂಡಳು. ರೇಡಿಯೋ ಕೂಡ ಅಂದು ಆಫ್ ಆಗಿದ್ದ. ಮೇಸ್ತ್ರಮ್ಮನ ಮುಖಕ್ಕೆ ರಕ್ತ ನುಗ್ಗಿತು. ಇಷ್ಟು ವರ್ಷ ಯಾವ ಮಾತು ಕೇಳಬಾರದೆಂದು ಬೆನ್ನು ಬಗ್ಗಿಸಿ ದುಡಿದಿದ್ದಳೋ ಅದೇ ಮಾತು, ಎಲ್ಲರ ಎದುರಿಗೆ. ಅವಳು ತಲೆ ಎತ್ತಿದಳು.

"ಇಲ್ಲ ಸಾರ್" ಎಂದಳು. "ಇಲ್ಲಿ ಓದ್ತಾರೆ."

ಸಾಹೇಬರು ಅವಳ ಮುಖವನ್ನೇ ನೋಡಿದರು. ಹೋದ ಸಲ ಇದೇ ಹೆಂಗಸು ಒದ್ದೆ ಬಟ್ಟೆ ಹಿಡಿದು ಇದೇ ಬಾಗಿಲಲ್ಲಿ ನಿಂತದ್ದು, "ನಾವು ಗುಡಿಸ್ತೀವಿ ಸಾರ್" ಎಂದದ್ದು ಅವರಿಗೆ ನೆನಪಾಗಿರಬೇಕು. ಕಿವಿ ಕೆಂಪಾಯಿತು. ಹಲಗೆಯ ಮುಂದೆ ಹೋಗಿ ಆ ಅರ್ಧ ಲೆಕ್ಕವನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದರು.

"ಇದು ಯಾರದು?"

"ನನ್ನ ಮಗಳದು. ಪ್ರವೇಶ ಪರೀಕ್ಷೆಗೆ ಓದ್ತಿದಾಳೆ."

"ಇಲ್ಲಿವರೆಗೆ ಸರಿ ಇದೆ" ಎಂದರು ಸಾಹೇಬರು. ಬಾಗಿಲಲ್ಲಿ ಬೆಂಚು ಎಣಿಸುತ್ತಿದ್ದ ಗುಮಾಸ್ತನಿಗೆ, "ಎಣಿಸೋದು ಬೇಡ, ಬಿಡು. ಇದು ಇಲ್ಲೇ ಇರತ್ತೆ" ಎಂದರು. ಆಮೇಲೆ ಕಪ್ಪಾದ ಬೆರಳನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಅತ್ತಿತ್ತ ನೋಡಿದರು. ಮೇಸ್ತ್ರಮ್ಮ ಕೋಟಿನ ಜೇಬಿನಿಂದ ಬಟ್ಟೆ ತೆಗೆದುಕೊಟ್ಟಳು. ಅವರು ಒರೆಸಿಕೊಂಡು, ಮಡಿಸಿ ವಾಪಸು ಕೊಟ್ಟು, "ನಾನೇ ತಪ್ಪು ತಿಳ್ಕೊಂಡಿದ್ದೆ ಕಣಮ್ಮ" ಎಂದು ಸಣ್ಣ ದನಿಯಲ್ಲಿ ಹೇಳಿ ಹೊರಟರು.

ಅವರು ಬೀದಿಯ ತಿರುವು ದಾಟಿದ್ದೇ ತಡ, ಹೆಂಗಸರು ಪೊರಕೆ, ಬಕೆಟ್ಟು, ಬಟ್ಟೆ ಹಿಡಿದು ನುಗ್ಗಿದರು. ಎಷ್ಟು ದಿನದ ಹಸಿವು ಅದು. ಮೇಸ್ತ್ರಮ್ಮ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದಳು.

"ನಾಳೆ" ಎಂದಳು. "ಇನ್ಮೇಲೆ ವಾರಕ್ಕೊಂದ್ಸಲ ಸಾಕು. ಹಲಗೆ ಮಾತ್ರ ಮಕ್ಕಳೇ ಅಳಿಸಬೇಕು, ನಾವು ಮುಟ್ಟೋದು ಬೇಡ."

"ಇವತ್ತು ಒಂದು ಮೂಲೆ ಅಕ್ಕ" ಎಂದಳು ವಾರಗಿತ್ತಿ.

"ನಿನ್ನ ಮೂಲೆಗೆ ಬೆಂಕಿ ಬೀಳ. ನಾಳೆ ಅಂದ್ನಲ್ಲ."

ಗೊಣಗುತ್ತ, ನಗುತ್ತ ಅವರು ಚದುರಿದರು. ಮೇಸ್ತ್ರಮ್ಮ ಒಬ್ಬಳೇ ಉಳಿದಳು. ಅಭ್ಯಾಸದಂತೆ ಚಪ್ಪಲಿ ಬಿಡಲು ಒಂದು ಕಾಲು ಎತ್ತಿದವಳು ಬಿಡಲಿಲ್ಲ. ಬೆಳಗಿನಿಂದ ಬೀದಿಯಲ್ಲೆಲ್ಲ ತುಳಿದ ಮಣ್ಣು ಮೆತ್ತಿದ ಆ ಚಪ್ಪಲಿಯಲ್ಲೇ ಒಳಗೆ ನಡೆದು, ಮಗಳು ಕೂರುವ ಬೆಂಚಿನ ಮೂಲೆಯಲ್ಲಿ ಕೂತಳು. ಮೊದಲು ಅಂಚಿನಲ್ಲಿ, ಆಮೇಲೆ ಪೂರ್ತಿ ಒರಗಿ. ಹಲಗೆಯ ಮೇಲಿದ್ದದ್ದು ಒಂದಕ್ಷರವೂ ಅವಳಿಗೆ ತಿಳಿಯಲಿಲ್ಲ. ಇಲ್ಲಿವರೆಗೆ ಸರಿ ಇದೆ ಎಂದು ಸಾಹೇಬರು ಅಂದದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡಳು.

ಶಾಲೆಯ ಗಂಟೆ ಹೊಡೆಯಿತು, ಮಕ್ಕಳು ಬರುವ ಹೊತ್ತಾಯಿತು. ಮೇಸ್ತ್ರಮ್ಮ ಎದ್ದು ಬಾಗಿಲಿಗೆ ಬಂದು ತಿರುಗಿ ನೋಡಿದಳು. ಮಕ್ಕಳ ಹೆಜ್ಜೆಗಳ ನಡುವೆ ಅವಳ ದೊಡ್ಡ ಹೆಜ್ಜೆಗಳು ಸಾಲಾಗಿ ಹೋಗಿ, ಸಾಲಾಗಿ ಬಂದಿದ್ದವು. ಹೆಂಗಸರು ಬಿಟ್ಟುಹೋದ ಒಂದು ಪೊರಕೆ ಅಲ್ಲೇ ಗೋಡೆಗೆ ಒರಗಿತ್ತು. ಅವಳು ಅದನ್ನು ಮುಟ್ಟದೆ ಮನೆಗೆ ಹೋದಳು.