ಮೆಷಿನ್ ಹಿಡಿಸುವ ಪೆಟ್ಟಿಗೆ

ಸೂಟ್‌ಕೇಸ್ ಕೊಳ್ಳಲು ಹೊರಟ ಸೊಸೆ ಹೊಲಿಗೆ ಮೆಷಿನನ್ನು ಯಾಕೆ ತಂದಿದ್ದಾಳೆ ಎಂದು ಮುದ್ದಕ್ಕ ರಿಕ್ಷಾದಲ್ಲಿ ಒಮ್ಮೆ ಕೇಳಿದ್ದರು. "ರಿಪೇರಿ ಉಂಟು ಮಾಮಿ" ಎಂದಿದ್ದಳು ಅಶ್ಮಿತಾ. ಅದು ಸುಳ್ಳು. ಮೆಷಿನ್ ಸರಿಯಾಗಿಯೇ ಇತ್ತು. ಅದರ ಮರದ ಪೀಠವನ್ನು ಮನೆಯಲ್ಲಿ ಬಿಟ್ಟು, ಕಬ್ಬಿಣದ ಭಾಗವನ್ನು ಮಾತ್ರ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ತೊಕ್ಕೊಟ್ಟು ಪೇಟೆ ಮುಟ್ಟುವಷ್ಟರಲ್ಲಿ ಕಾಲು ಜೋಮು ಹಿಡಿದಿತ್ತು.

ಗಂಡ ರೂಪೇಶ್ ಬಹರೈನಿನಲ್ಲಿ ಬೇಕರಿಯೊಂದರ ವ್ಯಾನ್ ಓಡಿಸುತ್ತಾನೆ. ಮದುವೆಯಾದ ವರ್ಷದಿಂದ ಅವಳು ವೀಸಾದ ಬಗ್ಗೆ ಕೇಳುತ್ತಿದ್ದಳು, ಅವನು "ನೋಡುವ" ಎನ್ನುತ್ತಿದ್ದ. ಈಗ ವೀಸಾ ಬಂದಿದೆ, ಬರುವ ವಾರ ಬಜಪೆಯಿಂದ ವಿಮಾನ. ಟಿಕೆಟಿನಲ್ಲಿ ಮೂವತ್ತು ಕಿಲೋ ಸಾಮಾನಿಗೆ ಅವಕಾಶ. ಆ ಮೂವತ್ತು ಕಿಲೋದಲ್ಲಿ ಯಾವುದು ಹೋಗಬೇಕು ಎಂಬುದನ್ನು ಮುದ್ದಕ್ಕ ಆಗಲೇ ತೀರ್ಮಾನಿಸಿದ್ದರು. ಮಗನಿಗೆ ಕುಚ್ಚಲಕ್ಕಿ, ಒಣಮೀನು, ತೆಂಗಿನೆಣ್ಣೆ ಕಟ್ಟಿ ಜಗಲಿಯಲ್ಲಿಟ್ಟಾಗಿತ್ತು. ಸೊಸೆಯ ಬಟ್ಟೆ ಸಂದಿಗೊಂದಿಯಲ್ಲಿ ಹೇಗೂ ಹಿಡಿಸುತ್ತದೆ ಎಂದು ಅವರ ಲೆಕ್ಕ.

ಸೂಟ್‌ಕೇಸ್ ಅಂಗಡಿಯ ಬೊನಿಫಾಸ್ ದಪ್ಪ ಕನ್ನಡಕದ, ನಿಧಾನದ ಮನುಷ್ಯ; ಕ್ರೈಸ್ತರಾದ್ದರಿಂದ ಊರವರ ಬಾಯಲ್ಲಿ 'ಪೊರ್ಬುಗಳು'. ಮುದ್ದಕ್ಕ ಒಳಗೆ ಕಾಲಿಟ್ಟವರೇ ಇದ್ದುದರಲ್ಲಿ ಅತಿ ದೊಡ್ಡ ಪೆಟ್ಟಿಗೆಯ ಬೆನ್ನಿಗೆ ಬೆರಳಿನಿಂದ ಕುಟ್ಟಿದರು. ಬಾಳೆಕಾಯಿ ಹಸಿರು ಬಣ್ಣದ್ದು, ನಾಲ್ಕು ಚಕ್ರದ್ದು.

"ಇದು ಗಟ್ಟಿ ಉಂಟಾ ಪೊರ್ಬುಗಳೇ?"

"ಮೇಲೆ ನಿಂತು ಕುಣಿಯಬಹುದು, ಅಕ್ಕ."

"ಕುಣಿಯಲಿಕ್ಕೆ ನನಗೆ ಅಂಗಳ ಉಂಟು. ಅಕ್ಕಿ ತುಂಬಿಸಿದರೆ ಒಡೆಯುತ್ತದಾ ಹೇಳಿ."

ಅಶ್ಮಿತಾ ನೆಲದ ಮೇಲೆ ಕುಳಿತು ಬೆಡ್‌ಶೀಟಿನ ಗಂಟು ಬಿಚ್ಚಿದಳು. ಮೆಷಿನನ್ನು ಎತ್ತಿ ಹಸಿರು ಪೆಟ್ಟಿಗೆಯೊಳಗೆ ಮಲಗಿಸಿದಳು. ಜಿಪ್ ಎಳೆದಳು.

ಮುದ್ದಕ್ಕ ಬಗ್ಗಿ ಪೆಟ್ಟಿಗೆಯನ್ನೊಮ್ಮೆ ಮುಟ್ಟಿ ನೋಡಿದರು. "ರಿಪೇರಿ ಅಂದಿಯಲ್ಲ?"

"ಇಲ್ಲ ಮಾಮಿ. ಇದು ನನ್ನೊಟ್ಟಿಗೆ ಬರುತ್ತದೆ."

"ರೂಪೇಶನಿಗೆ ಹೇಳಿದ್ದೀಯಾ?"

"ಇಲ್ಲ. ಹೇಳಿದರೆ ಬೇಡ ಅನ್ನುತ್ತಾರೆ."

ಉತ್ತರಕ್ಕೆ ಕಾಯದೆ ಅವಳು ಪೆಟ್ಟಿಗೆಯನ್ನು ಹೊರಗೆ ಎಳೆದುಕೊಂಡು ಹೋದಳು. ಕಾಲುದಾರಿಯ ಎದ್ದು ನಿಂತ ಚಪ್ಪಡಿಗಳ ಮೇಲೆ ಎರಡು ಸಲ ಓಡಿಸಿ ಮೆಟ್ಟಿಲು ಹತ್ತಿಸುವಾಗ ಟಕ್ ಎಂದು ಒಂದು ಚಕ್ರ ಮಗ್ಗುಲಿಗೆ ಮಡಚಿಕೊಂಡಿತು. ಬೊನಿಫಾಸ್ ಓಡಿ ಬಂದರು.

"ಎಂತ ಮಾರಾಯ್ತಿ, ಇದು ಏರ್‌ಪೋರ್ಟಿನ ನೆಲಕ್ಕೆ ಮಾಡಿದ್ದು. ತೊಕ್ಕೊಟ್ಟಿಗಲ್ಲ."

"ನಮ್ಮ ಮನೆ ಏರ್‌ಪೋರ್ಟಿನಲ್ಲಿಲ್ಲ. ಮೇಲೆ ಕುಣಿಯಬಹುದು ಅಂದದ್ದು ನೀವೇ."

"ಮೇಲೆ ಅಂದದ್ದು. ಚಕ್ರದ ವಿಷಯ ನಾನು ತೆಗೆಯಲೇ ಇಲ್ಲ." ಆದರೂ ಅವರು ಜಗಳಕ್ಕೆ ನಿಲ್ಲಲಿಲ್ಲ. ಮುರಿದ ಪೆಟ್ಟಿಗೆಯನ್ನು ಕಂಪನಿಗೆ ವಾಪಸು ಕಳಿಸುತ್ತೇನೆಂದು ಮೂಲೆಗೆ ತಳ್ಳಿ, ಏಣಿ ಹತ್ತಿ, ಪ್ಲಾಸ್ಟಿಕ್ ಹೊದಿಸಿದ್ದ ಇನ್ನೊಂದನ್ನು ಇಳಿಸಿದರು. ಮಧ್ಯಮ ಗಾತ್ರದ್ದು, ದಪ್ಪ ಬಟ್ಟೆಯದು, ಎರಡೇ ಚಕ್ರ. ಬಣ್ಣ ನೇರಳೆಯೂ ಅಲ್ಲ, ಕಂದೂ ಅಲ್ಲ. ಚಕ್ರಗಳು ಅರ್ಧ ಒಳಗೆ ಹುದುಗಿದ್ದವು. ಜಿಪ್ಪಿನ ಹಲ್ಲು ದೊಡ್ಡದು. ಹಳೆಯ ಸ್ಟಾಕ್, ಈಗ ಎಲ್ಲರಿಗೂ ನಾಲ್ಕು ಚಕ್ರ ಬೇಕು, ಅರ್ಧ ಬೆಲೆಗೆ ಕೊಡುತ್ತೇನೆ ಎಂದರು. ಮೆಷಿನ್ ಒಳಗೆ ಹೋಯಿತು. ಅದೇ ಚಪ್ಪಡಿ, ಅದೇ ಮೆಟ್ಟಿಲು. ಏನೂ ಆಗಲಿಲ್ಲ. ಬೊನಿಫಾಸ್ ತೂಗುವ ಕೊಕ್ಕೆಗೆ ಸಿಕ್ಕಿಸಿ ನೋಡಿದರು. ಪೆಟ್ಟಿಗೆ, ಮೆಷಿನ್ ಸೇರಿ ಹದಿನೈದರ ಹತ್ತಿರ.

"ಅರ್ಧ ಇದಕ್ಕೇ ಹೋಯಿತು," ಎಂದರು ಮುದ್ದಕ್ಕ. "ಅಕ್ಕಿ ಎಲ್ಲಿ ಹಾಕುವುದು? ಮೆಷಿನ್ ಅಲ್ಲಿಯೂ ಸಿಗುತ್ತದೆ ಅಶ್ಮಿತಾ."

"ಅಕ್ಕಿಯೂ ಸಿಗುತ್ತದೆ ಮಾಮಿ."

"ಅಕ್ಕಿ ದುಡ್ಡು ಕೊಟ್ಟು ತೆಗೆಯುವವನು ಅವನು."

"ಮೆಷಿನ್ ತೆಗೆಯಬೇಕಾದವರೂ ಅವರೇ. ಅದಕ್ಕೇ ತೆಗೆದುಕೊಂಡು ಹೋಗುವುದು." ಅಶ್ಮಿತಾ ದನಿ ಏರಿಸಲಿಲ್ಲ. "ಅಲ್ಲಿ ಹೋಗಿ ಕೇಳಿದರೆ ನೋಡುವ ಅನ್ನುತ್ತಾರೆ. ಒಂದು ವರ್ಷ ನೋಡುತ್ತಾರೆ. ಅಷ್ಟರವರೆಗೆ ಒಂದು ಒಳಬಟ್ಟೆಗೂ ನಾನು ಕೈಯೊಡ್ಡಬೇಕು. ಊರಿಗೆ ಬಂದಾಗ ನನ್ನ ಹತ್ತಿರ ರವಿಕೆ ಹೊಲಿಸುವ ಇಬ್ಬರು ಅಲ್ಲೇ ಇದ್ದಾರೆ. ಬಾ, ಕೆಲಸ ಕೊಡುತ್ತೇವೆ ಅಂದಿದ್ದಾರೆ."

"ಗಂಡನ ಹತ್ತಿರ ಕೇಳಿದರೆ ಎಂತ ಆಗುತ್ತದೆ?"

"ನಿಮ್ಮ ಕನ್ನಡಕ ಒಡೆದಾಗ ಮಗನ ಹತ್ತಿರ ಕೇಳಿದಿರಾ?"

ಕೇಳಿರಲಿಲ್ಲ. ಅಶ್ಮಿತಾಳಿಗೆ ಹೇಳಿದ್ದರು, ಅವಳು ಮರುದಿನವೇ ಹೊಲಿಗೆಯ ದುಡ್ಡಿನಲ್ಲಿ ಮಾಡಿಸಿ ತಂದಿದ್ದಳು. ಆದರೂ ಮಾತು ಬಾಯಿಂದ ಹೊರಟ ಮೇಲೆ ಅಶ್ಮಿತಾಳಿಗೆ ಕೆಟ್ಟದೆನಿಸಿತು. ಮಗನಿಗೆ ಕೊಡಲು ಮುದ್ದಕ್ಕನ ಬಳಿ ಬೇರೆ ಏನಿದೆ? ಆ ಅಕ್ಕಿಯನ್ನು ಅವರು ತಮ್ಮ ಕೈಯಿಂದ ಕೇರಿ, ಕಲ್ಲು ಹೆಕ್ಕಿ ಇಟ್ಟಿದ್ದರು. ಬಹರೈನಿನ ಅಂಗಡಿಯಲ್ಲಿ ಅದೇ ಅಕ್ಕಿ ಸಿಗುತ್ತದೆ ಎಂಬುದು ಅವರಿಗೆ ಗೊತ್ತಿರದ ಸಂಗತಿಯಲ್ಲ. ಮುದ್ದಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಬೊನಿಫಾಸ್ ಇಲ್ಲದ ಧೂಳು ಒರೆಸುತ್ತಾ ಅಂಗಡಿಯ ಆ ತುದಿಗೆ ಹೋದರು.

ಆಗಲೇ ರೂಪೇಶನ ಫೋನ್ ಬಂತು, ಅದೂ ಮುದ್ದಕ್ಕನ ಮೊಬೈಲಿಗೆ. ಕಿವಿ ಮಂದವಾದ ಕಾರಣ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವರು.

"ಬ್ಯಾಗ್ ತೆಗೆದುಕೊಂಡಾಯಿತಾ ಅಮ್ಮ?"

ಅಶ್ಮಿತಾ ಹ್ಯಾಂಡಲ್ ಬಿಟ್ಟು ನೆಟ್ಟಗೆ ನಿಂತಳು. ಮಾಮಿ ಈಗ ಮೆಷಿನಿನ ಒಂದು ಮಾತು ಹೇಳಿದರೆ ಮುಗಿಯಿತು. ಅವನು ಬೇಡ ಎನ್ನುತ್ತಾನೆ, ಮೆಷಿನ್ ಮನೆಯ ಮಂಚದಡಿ ಹೋಗುತ್ತದೆ.

"ಆಯಿತು," ಎಂದರು ಮುದ್ದಕ್ಕ. "ಸಣ್ಣದು. ಅಕ್ಕಿ ಹಿಡಿಸುವುದಿಲ್ಲ, ಅಲ್ಲೇ ತೆಗೆದುಕೋ."

"ಸಣ್ಣದು ಎಂತಕ್ಕೆ? ದೊಡ್ಡದು ಇರಲಿಲ್ಲವಾ?"

"ಇತ್ತು. ಅದರ ಚಕ್ರ ಮುರಿಯಿತು."

"ಅಂಗಡಿಯಲ್ಲೇ ಮುರಿಯಿತಾ?"

"ಅಂಗಡಿಯಲ್ಲೇ. ಪೊರ್ಬುಗಳ ಹತ್ತಿರ ಬೇಕಾದರೆ ಕೇಳು. ಈಗ ಇಡು, ಬಿಸಿಲಲ್ಲಿ ಬಂದಿದ್ದೇವೆ."

ಫೋನನ್ನು ಅವರು ಬ್ಲೌಸಿನೊಳಗೆ ಸೇರಿಸಿದರು. ಅಶ್ಮಿತಾ ಏನೋ ಹೇಳಲು ಬಾಯಿ ತೆರೆದಳು.

"ಮಾತು ಬೇಡ," ಎಂದರು ಮುದ್ದಕ್ಕ. "ಒಣಮೀನು ಮಾತ್ರ ಬಿಡಲಿಕ್ಕಿಲ್ಲ. ಅದು ಹೋಗಲೇಬೇಕು."

"ಬಟ್ಟೆಗೆಲ್ಲ ವಾಸನೆ ಹಿಡಿಯುತ್ತದೆ ಮಾಮಿ."

"ಹಿಡಿಯಲಿ."

ಬೊನಿಫಾಸ್ ಬಿಲ್ ಬರೆದರು. ಅಶ್ಮಿತಾ ಮೆಷಿನನ್ನು ಹೊರತೆಗೆದು ಮತ್ತೆ ಬೆಡ್‌ಶೀಟಿನಲ್ಲಿ ಕಟ್ಟಲು ಬಗ್ಗಿದಳು. ಮುದ್ದಕ್ಕ ಕಾಲಿನಿಂದಲೇ ಪೆಟ್ಟಿಗೆಯ ಮುಚ್ಚಳವನ್ನು ಮುಚ್ಚಿದರು.

"ಇರಲಿ ಒಳಗೇ. ಎಳೆದುಕೊಂಡು ಹೋಗುವ."

ಹೊರಗೆ ಮೆಟ್ಟಿಲು ಇಳಿಸುವಾಗ ಅವರು ಬಗ್ಗಿ ಪೆಟ್ಟಿಗೆಯ ಆ ತುದಿ ಹಿಡಿದರು.