ಪೀಸಾ ಗೋಪುರದ ನಾಲ್ಕನೆಯ ಅಂತಸ್ತು

ಮ್ಯೂಸಿಯಮ್ಮಿನ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಜಗತ್ತಿನ ದೊಡ್ಡ ದೊಡ್ಡ ಕಟ್ಟಡಗಳೆಲ್ಲ ಸೊಂಟದೆತ್ತರಕ್ಕೆ ಇಳಿದು ನಿಂತಿದ್ದವು. ಪಿರಮಿಡ್ಡಿನ ತುದಿಗೆ ಯಾರೋ ಕನ್ನಡಕ ಸಿಕ್ಕಿಸಿ ಮರೆತಿದ್ದರು. ಐಫೆಲ್ ಗೋಪುರದ ಕಾಲಿಗೆ ಕೈ ಒರೆಸುವ ಬಟ್ಟೆ ಒಣಹಾಕಿತ್ತು. ಅಲ್ಲಿ ಮಾದರಿಗಳನ್ನು ಮಾಡುವವರು ಇಬ್ಬರೇ. ಅಣ್ಣತಮ್ಮಂದಿರನ್ನು ಮದುವೆಯಾದ ಓರಗಿತ್ತಿಯರು. ಮನೆಯಲ್ಲಿ ಕರೆಯುವಂತೆ ಇಲ್ಲಿಯೂ ಅವರು ದೊಡ್ಡಾಕೆ, ಚಿಕ್ಕಾಕೆ.

ದೊಡ್ಡಾಕೆಯ ಕೈಗೆ ಗುಮ್ಮಟ ಒಲಿದಿತ್ತು. ಇಪ್ಪತ್ತೆರಡು ವರ್ಷದಿಂದ ಆಕೆ ಮಾಡಿದ ತಾಜಮಹಲೇ ಮುಂದಿನ ಹಾಲಿನ ನಡುಮೇಜಿನ ಮೇಲಿತ್ತು. ಬಾಗಿಲು ದಾಟಿ ಬಂದವರು ಮೊದಲು ಅದನ್ನು ನೋಡಿ ‘ಅಬ್ಬಾ’ ಅನ್ನುತ್ತಿದ್ದರು. ಆ ‘ಅಬ್ಬಾ’ ಕಿವಿಗೆ ಬೀಳಲೆಂದೇ ಆಕೆ ಏನೋ ನೆಪ ಹೂಡಿ ದಿನಕ್ಕೆರಡು ಸಲ ಹಾಲಿಗೆ ಹೋಗಿಬರುತ್ತಿದ್ದಳು. ಆರು ವರ್ಷದ ಹಿಂದೆ ಚಿಕ್ಕಾಕೆಯನ್ನು ಈ ಕೆಲಸಕ್ಕೆ ಕರೆತಂದವಳೂ ಆಕೆಯೇ. ಪ್ಲಾಸ್ಟರ್ ಕಲಸುವುದರಿಂದ ಹಿಡಿದು ಅಂಚು ಮುರಿಯದಂತೆ ಅಚ್ಚಿನಿಂದ ಬಿಡಿಸುವವರೆಗೆ ಎಲ್ಲವನ್ನೂ ಕಲಿಸಿದ್ದಳು. ಗಿಡಕ್ಕೆ ನೀರೆರೆದವಳಿಗೇ ಅದರ ನೆರಳು ಕಣ್ಣಿಗೆ ಕಸವಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಸುಣ್ಣಬಣ್ಣ ಆಗಿ ಹಾಲು ಮತ್ತೆ ತೆರೆಯುವುದಿತ್ತು. ಮ್ಯೂಸಿಯಮ್ಮಿನ ಮೇಡಂ ಬಂದು, "ತಾಜಮಹಲನ್ನ ಎಲ್ಲರೂ ನೋಡಿಬಿಟ್ಟಿದ್ದಾರೆ. ಈ ಸಲ ನಡುಮೇಜಿಗೆ ಚಿಕ್ಕಾಕೆಯ ಪೀಸಾ ಗೋಪುರ ಇಡೋಣ ಅಂತಿದ್ದೀನಿ. ನಾಳೆ ಮೇಷ್ಟ್ರು ನೋಡಿ ಹೂಂ ಅಂದ್ರೆ ಮುಗೀತು" ಎಂದರು. ಮೇಷ್ಟ್ರೆಂದರೆ ಕಟ್ಟಡಶಾಸ್ತ್ರ ಕಲಿಸಿ ನಿವೃತ್ತರಾದ ಹಿರಿಯರು. ಅವರು ಒಪ್ಪದೆ ಯಾವ ಮಾದರಿಯೂ ಹಾಲಿಗೆ ಹೋಗುತ್ತಿರಲಿಲ್ಲ.

"ತುಂಬಾ ಒಳ್ಳೇದಾಯ್ತು ಮೇಡಂ" ಎಂದಳು ದೊಡ್ಡಾಕೆ. ಅವರು ಆಚೆ ಹೋದ ಮೇಲೆ ಬೋಗುಣಿ ತೊಳೆಯುತ್ತ, "ವಾಲಿದ್ದನ್ನ ನೋಡೋಕೆ ಜನ ಓಡಿ ಬರ್ತಾರೆ. ನೆಟ್ಟಗೆ ನಿಂತವರನ್ನ ಯಾರು ಕೇಳ್ತಾರೆ?" ಎಂದು ನಲ್ಲಿಗೆ ಹೇಳಿದಳು.

ಅಂದು ಮಧ್ಯಾಹ್ನ ಚಿಕ್ಕಾಕೆ ಊಟಕ್ಕೆ ಹೋದಾಗ, ದೊಡ್ಡಾಕೆ ಹುಳುಕು ಹುಡುಕಲೆಂದೇ ಗೋಪುರದ ಸುತ್ತ ಒಂದು ಸುತ್ತು ಹಾಕಿದಳು. ಕಮಾನುಗಳು ಅಚ್ಚುಕಟ್ಟಾಗಿದ್ದವು. ಕಂಬಗಳು ಕಡ್ಡಿಯಷ್ಟು ತೆಳ್ಳಗಿದ್ದರೂ ಒಂದರಲ್ಲೂ ಬಿರುಕಿರಲಿಲ್ಲ. ಅವಳ ಹೊಟ್ಟೆಯೊಳಗಿನ ಕಿಚ್ಚು ಇನ್ನೊಂದು ಗೇಣು ಮೇಲೆದ್ದಿತು. ಯಾಕೆಂದರೆ, ಹತ್ತು ವರ್ಷದ ಹಿಂದೆ ಇದೇ ಗೋಪುರವನ್ನು ಮಾಡಲು ಹೋಗಿ, ಮೂರು ಸಲ ಮುರಿದುಕೊಂಡು, ಯಾರಿಗೂ ಹೇಳದೆ ಕೈಬಿಟ್ಟಿದ್ದಳು.

ಆಗ ಮೂಡಣ ಕಿಟಕಿಯ ಕಡೆಯಿಂದ ನೋಡಿದಾಗ ತಪ್ಪು ಕಂಡಿತು. ಗೋಪುರ ಗೋಡೆಗೆ ಒರಗಿಸಿದ ಕೋಲಿನ ಹಾಗೆ ಬುಡದಿಂದ ತುದಿಯವರೆಗೆ ಒಂದೇ ಗೆರೆಯಲ್ಲಿ ವಾಲಿತ್ತು. ನಿಜವಾದದ್ದು ಹಾಗಿಲ್ಲ. ಮೂರು ಅಂತಸ್ತು ಏಳುವಷ್ಟರಲ್ಲಿ ನೆಲ ಕುಸಿದು ಅದು ವಾಲಿತು. ಎಷ್ಟೋ ವರ್ಷ ಕೆಲಸ ನಿಂತಿತು. ಆಮೇಲೆ ಬಂದವರು ಅದನ್ನು ಸರಿದೂಗಿಸಲು ಮೇಲಿನ ಅಂತಸ್ತುಗಳನ್ನು ವಾಲಿದ ಕಡೆಗೆ ತುಸು ಎತ್ತರವಾಗಿ ಕಟ್ಟಿದರು. ಹಾಗಾಗಿ ಅದು ನಾಲ್ಕನೆಯ ಅಂತಸ್ತಿನಿಂದ ಮೇಲೆ ಕಂಡೂ ಕಾಣದಷ್ಟು ಬಾಗಿದೆ. ಚಿಕ್ಕಾಕೆ ನಡುವಿನ ಆರು ಅಂತಸ್ತುಗಳನ್ನೂ ಒಂದೇ ಅಚ್ಚಿನಲ್ಲಿ ತೆಗೆದು, ಒಂದರ ಮೇಲೊಂದು ಪೇರಿಸಿ, ಬುಡಕ್ಕೆ ಓರೆ ಹಲಗೆ ಕೊಟ್ಟುಬಿಟ್ಟಿದ್ದಳು. ‘ಒಂದು ಕಟ್ಟಡ, ಒಂದು ಅಚ್ಚು’ ಎಂಬ ಪಾಠ ದೊಡ್ಡಾಕೆಯದೇ.

ಚಿಕ್ಕಾಕೆ ಕೈ ಒರೆಸಿಕೊಳ್ಳುತ್ತ ಬಂದು, "ಅಕ್ಕಾ, ನೀವು ಒಂದ್ಸಲ ಸರಿಯಾಗಿ ನೋಡಿ. ನೀವು ನೋಡದೆ ನನಗೆ ಸಮಾಧಾನ ಇಲ್ಲ" ಎಂದಳು.

"ನೋಡಿದೆ ಕಣೇ."

"ಏನಾದ್ರೂ ತಪ್ಪಿದೆಯಾ?"

"ನಿನ್ನ ಕೈಲಿ ತಪ್ಪಾಗತ್ತಾ? ಚೆನ್ನಾಗಿದೆ."

ಆಡಿದ ಮೇಲೆ ಆ ಮಾತು ಸಂಜೆಯವರೆಗೂ ಚುಚ್ಚುತ್ತಲೇ ಇತ್ತು. ಆದರೂ ಒಳಗೊಳಗೇ ಒಂದು ಕೆಟ್ಟ ಖುಷಿ: ನಾಳೆ ಮೇಷ್ಟ್ರು ಹಿಡಿಯುತ್ತಾರೆ, ಹಿಡಿಯಲಿ.

ಮರುದಿನ ಮೇಡಂ ಜೊತೆ ಮೇಷ್ಟ್ರು ಬಂದರು. ಗೋಪುರವನ್ನು ಸುತ್ತಿದರು, ಬಗ್ಗಿದರು, ಕಮಾನುಗಳನ್ನು ಎಣಿಸಿದರು. ಈಗ ಹಿಡಿಯುತ್ತಾರೆಂದು ದೊಡ್ಡಾಕೆ ಅವರ ಕಣ್ಣನ್ನೇ ನೋಡುತ್ತಿದ್ದಳು. ಮೇಷ್ಟ್ರು ಚಪ್ಪಾಳೆ ತಟ್ಟಿಬಿಟ್ಟರು.

"ಭಲೇ! ಇದೇ ನಡುಮೇಜಿಗೆ. ಏನಮ್ಮಾ, ಒಬ್ಬಳೇ ಮಾಡಿದ್ದಾ?"

"ಕೈ ನನ್ನದು ಸಾರ್. ಅಕ್ಕ ನೋಡಿ ಸರಿ ಅಂದಿದ್ದಾರೆ, ಅದಕ್ಕೇ ಧೈರ್ಯ" ಎಂದು ಚಿಕ್ಕಾಕೆ ಹೆಮ್ಮೆಯಿಂದ ದೊಡ್ಡಾಕೆಯ ಕಡೆ ಕೈ ತೋರಿಸಿದಳು.

ದೊಡ್ಡಾಕೆಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಸುಮ್ಮನಿದ್ದರೆ ತಪ್ಪು ಗೋಪುರ ತನ್ನ ಮಾತಿನ ಬಲದ ಮೇಲೆ ನಡುಮೇಜಿಗೇರುತ್ತದೆ. ಹೇಳಿದರೆ ನಿನ್ನೆಯ ಸುಳ್ಳು ಬಯಲಾಗುತ್ತದೆ.

"ಸರಿ ಇಲ್ಲ ಮೇಷ್ಟ್ರೇ" ಎಂದಳು. "ಮೇಲಿನ ಭಾಗ ಬಾಗಿರಬೇಕು, ಇಲ್ಲಿ ನೆಟ್ಟಗಿದೆ. ನನಗೆ ನಿನ್ನೆಯೇ ಕಂಡಿತ್ತು. ಬೇಕಂತಲೇ ಹೇಳಲಿಲ್ಲ."

ಮೇಷ್ಟ್ರು ಮತ್ತೆ ಬಗ್ಗಿ ನೋಡಿ, ಚಿಕ್ಕಾಕೆಯ ಬಿಳಿಚಿದ ಮುಖವನ್ನೂ ನೋಡಿ, "ನಲವತ್ತು ವರ್ಷ ಇದನ್ನೇ ಪಾಠ ಮಾಡಿದೋನು ನಾನು. ನನ್ನ ಕಣ್ಣಿಗೇ ಬೀಳಲಿಲ್ಲ. ನೀನು ಅಳಬೇಡ ತಾಯಿ, ಅಳೋದಿದ್ರೆ ನಾನು ಮೊದಲು" ಎಂದರು.

ಮೇಡಂ ಗಡಿಯಾರ ನೋಡಿಕೊಂಡರು. "ಹಾಲು ತೆರೆಯೋಕೆ ನಾಲ್ಕೇ ದಿನ ಇರೋದು. ತಾಪತ್ರಯ ಯಾಕೆ? ತಾಜಮಹಲೇ ಇರಲಿ ಬಿಡಿ."

ದೊಡ್ಡಾಕೆ ನಿನ್ನೆಯಿಂದ ಬಯಸಿದ ಮಾತು ಅದೊಂದೇ. ಅದೀಗ ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ ಎದುರಿಗೆ ಬಂದಿತ್ತು. ಚಿಕ್ಕಾಕೆ ತಲೆ ಎತ್ತಲಿಲ್ಲ.

"ನಾಲ್ಕು ದಿನ ಸಾಕು ಮೇಡಂ" ಎಂದಳು ದೊಡ್ಡಾಕೆ. "ನಾಲ್ಕನೇ ಅಂತಸ್ತಿಂದ ಮೇಲೆ ಬಿಚ್ಚಿ ಹೊಸದು ಮಾಡ್ತೀವಿ."

ಅವರು ಹೋದ ಮೇಲೆ ಚಿಕ್ಕಾಕೆ ಕೇಳಿದಳು. "ಹೊಟ್ಟೆಕಿಚ್ಚಾ ಅಕ್ಕಾ?"

"ಹೂಂ."

"ನನ್ನ ಮೇಲೆ?"

"ಇನ್ಯಾರ ಮೇಲೆ? ಪೀಸಾದವರ ಮೇಲಾ?"

ಚಿಕ್ಕಾಕೆಗೆ ನಗು ಬರಲಿಲ್ಲ. ಎರಡು ದಿನ ಅವಳು ಬಾಯಿಗೆ ಬೀಗ ಹಾಕಿಕೊಂಡೇ ಅರದಿಂದ ಅಂಚು ಉಜ್ಜಿದಳು. ದೊಡ್ಡಾಕೆ ಪ್ರತಿ ಅಂತಸ್ತಿಗೂ ಬೇರೆ ಬೇರೆ ಅಚ್ಚು ಮಾಡಿ, ಒಂದು ಮಗ್ಗುಲು ಕೂದಲೆಳೆಯಷ್ಟು ಎತ್ತರವಾಗುವಂತೆ ಪ್ಲಾಸ್ಟರ್ ಹೊಯ್ದಳು. ತನ್ನ ಹತ್ತು ವರ್ಷದ ಹಿಂದಿನ ಸೋಲುಗಳು ಎಲ್ಲೆಲ್ಲಿ ಮುರಿದಿದ್ದವೆಂದು ನೆನಪಿತ್ತು; ಅಲ್ಲಲ್ಲಿ ಒಳಗೆ ತಂತಿ ಕೊಟ್ಟಳು. ಮಾತಿಲ್ಲದಿದ್ದರೂ, ದೊಡ್ಡಾಕೆ ಕಣ್ಣು ಕಿರಿದುಮಾಡಿದಾಗಲೆಲ್ಲ ಮೇಜಿನ ದೀಪ ಒಂದಿಷ್ಟು ಅವಳ ಕಡೆಗೆ ಸರಿಯುತ್ತಿತ್ತು. ಸರಿಸಿದ ಚಿಕ್ಕಾಕೆಯ ಕೈ ಮತ್ತೆ ಅರದ ಮೇಲಿರುತ್ತಿತ್ತು. ದೊಡ್ಡಾಕೆ ಅದನ್ನು ಕಂಡಳು. ಕಂಡೆ ಎಂದು ಹೇಳುವ ಮುಖ ಅವಳಿಗಿರಲಿಲ್ಲ.

ಮೂರನೆಯ ದಿನ ತುದಿಯ ಗಂಟೆಮಾಳಿಗೆ ಕೂರಿಸುವಾಗ ಚಿಕ್ಕಾಕೆಯೇ ಬಾಯಿಬಿಟ್ಟಳು. "ಹಿಡ್ಕೊಳ್ಳಿ. ಬೀಳಿಸಿದ್ರೆ ಈ ಸಲ ಬೇಕಂತಲೇ ಅಂತೀನಿ."

"ಅನ್ನು. ಅನ್ನೋ ಹಕ್ಕಿದೆ ನಿನಗೆ."

ನಾಲ್ಕನೆಯ ದಿನ ಬೆಳಿಗ್ಗೆ ಇಬ್ಬರು ಆಳುಗಳು ತಾಜಮಹಲನ್ನು ಎತ್ತಿ ಗೋಡೆಯ ಪಕ್ಕಕ್ಕಿಟ್ಟರು. ನಡುಮೇಜಿನ ಮೇಲೆ ಗೋಪುರ ನಿಲ್ಲಿಸಿದರು. ಬಾಗಿಲಲ್ಲಿದ್ದ ಕಾವಲುಗಾರ ಅದನ್ನು ನೋಡಿ, "ಅಬ್ಬಾ!" ಎಂದ. ದೊಡ್ಡಾಕೆಯ ಹೊಟ್ಟೆಕಿಚ್ಚು ನಾಲ್ಕು ದಿನದ ಹಿಂದೆ ಇದ್ದಷ್ಟೇ ಇತ್ತು.

"ಸ್ವಲ್ಪ ತಿರುಗಿಸಿ" ಎಂದಳು ಆಳುಗಳಿಗೆ. "ಇನ್ನೂ ಸ್ವಲ್ಪ. ಕಿಟಕಿ ಬೆಳಕು ಆ ಬಾಗಿನ ಮೇಲೆ ಬೀಳಬೇಕು. ಇಲ್ಲದಿದ್ರೆ ಅವಳು ಪಟ್ಟ ಪಾಡು ಯಾರಿಗೂ ಕಾಣಲ್ಲ."